ಹಳೇ ವಾರ್ಡಿನ ಸರಪಳಿ ದೆವ್ವ

"ನಾನು ಪೊಲೀಸ್ ಆಗ್ತೀನಿ. ನಿಮಗೆ ಯಾರಾದ್ರೂ ಕಾಟ ಕೊಟ್ರೆ ಒಳಗೆ ಹಾಕ್ತೀನಿ."

ಎರಡು ಜಡೆಯ ಹುಡುಗಿಯೊಬ್ಬಳು ಮಾನಸಿಕ ಆಸ್ಪತ್ರೆಯ ನರ್ಸ್‌ಗೆ ಹೀಗೆ ಮಾತು ಕೊಟ್ಟಿದ್ದಳು. ಅವಳ ಅಮ್ಮ ಗುಣವಾಗಿ, ತಾನೇ ತಲೆ ಬಾಚಿಕೊಂಡು ಮನೆಗೆ ಹೊರಟಿದ್ದ ದಿನ ಅದು.

ಆ ಹುಡುಗಿ ಈಗ ಇನ್‌ಸ್ಪೆಕ್ಟರ್. ಅದೇ ಆಸ್ಪತ್ರೆಯ ಹಳೇ ವಾರ್ಡಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ನೆಲದ ಮೇಲೆ ರಕ್ತ ಒಣಗಿತ್ತು. ಹಿಂದಿನ ಸಂಜೆ ಕಾವಲುಗಾರ ತಲೆಯೊಡೆದು ಬಿದ್ದಿದ್ದ ಜಾಗ.

ಹಿಂದೆ ಇಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದರು. ಕೊಂಡಿಗಳು ಗೋಡೆಯಲ್ಲಿ ಇನ್ನೂ ಇದ್ದವು. ಸರಪಳಿಯಲ್ಲೇ ಸತ್ತವಳೊಬ್ಬಳು ದೆವ್ವವಾಗಿದ್ದಾಳೆಂಬ ಮಾತಿತ್ತು. ಈಚೆಗೆ ಸರಪಳಿ ಎಳೆಯುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಹೆದರಿದ ಮನೆಯವರು ರೋಗಿಗಳನ್ನು ಅರ್ಧಕ್ಕೇ ಕರೆದೊಯ್ಯುತ್ತಿದ್ದರು.

"ಮೇಡಂ, ದೆವ್ವದ ಮೇಲೆ ಕೇಸ್ ಹಾಕೋದಾ?" ಪೇದೆ ಕೇಳಿದ.

"ವಿಳಾಸ ತಗೊಂಡು ಬನ್ನಿ, ಹಾಕೋಣ."

*

ಕಾವಲುಗಾರನ ತಲೆಗೆ ಬ್ಯಾಂಡೇಜು.

"ಸರಪಳಿ ಸದ್ದಾಯ್ತು, ಮೇಲೆ ಹೋದೆ. ಪೂರ್ತಿ ಕತ್ತಲು. ಬೆನ್ನ ಹಿಂದೆ ಕೀ ಗೊಂಚಲು ಝಲ್ ಅಂತು. ತಿರುಗೋದ್ರೊಳಗೆ ತಳ್ಳಿಬಿಟ್ರು."

"ದೆವ್ವಕ್ಕೆ ಕೀ ಯಾಕಪ್ಪಾ?"

ಪಕ್ಕದಲ್ಲಿ ನಿಂತಿದ್ದ ಆಸ್ಪತ್ರೆಯ ಹೊಸ ಮ್ಯಾನೇಜರ್ ಉತ್ತರ ಕೊಟ್ಟ.

"ಹೇಳೋಕೆ ಬೇಜಾರು ಮೇಡಂ. ಆ ವಾರ್ಡಿನ ಕೀ ಇರೋದು ನನ್ನ ಹತ್ರ, ಬಿಟ್ರೆ ಹಳೇ ನರ್ಸ್ ದೊಡ್ಡಕ್ಕನ ಹತ್ರ. ನಾನು ಆಫೀಸಲ್ಲಿದ್ದೆ. ಅವರ ಕೀ ಗೊಂಚಲು ಝಲ್ ಝಲ್ ಅಂತ ಕಿಟಕಿ ಕೆಳಗೇ ಹೋಯ್ತು. ದಿನಾ ಕೇಳೋ ಸದ್ದು, ಗೊತ್ತಾಗಲ್ವಾ? ರೋಗಿಗಳ ಜೊತೆ ಇದ್ದೂ ಇದ್ದೂ ಪಾಪ, ಅವರಿಗೂ..."

ಹಣೆಯ ಪಕ್ಕ ಬೆರಳು ತಿರುಗಿಸಿದ.

ಇನ್‌ಸ್ಪೆಕ್ಟರ್ ಹುಡುಗಿಯಾಗಿದ್ದಾಗ ಮಾತು ಕೊಟ್ಟದ್ದು ಈ ದೊಡ್ಡಕ್ಕನಿಗೇ. ಈಗ ಅವರ ಕೈಗೇ ಕೋಳ ಹಾಕಬೇಕೇ?

*

ನಿವೃತ್ತಿಯಾಗಿದ್ದರೂ ದೊಡ್ಡಕ್ಕ ದಿನವೂ ಬರುತ್ತಿದ್ದರು. ರೋಗಿಯೊಬ್ಬಳ ಉಗುರು ಕತ್ತರಿಸುತ್ತಿದ್ದರು.

"ನಿನ್ನೆ ಸಂಜೆ ಎಲ್ಲಿದ್ರಿ ದೊಡ್ಡಕ್ಕ?"

"ಹಳೇ ವಾರ್ಡಿಗೇ ಹೋಗಿದ್ದೆ, ಕಿಟಕಿ ಹಾಕೋಕೆ."

"ಅಯ್ಯೋ, ಅದನ್ನ ಹಂಗೆ ಎಲ್ಲರ ಮುಂದೆ ಹೇಳ್ಬೇಡಿ!"

"ಚೆನ್ನಾಗಿದೆ ಕಣೇ. ಪೊಲೀಸೇ ಸುಳ್ಳು ಹೇಳಿಕೊಡ್ತಾಳೆ."

"ಕೀ ಕೊಡಿ ಇಲ್ಲಿ."

ಗೊಂಚಲು ಅವಳ ಅಂಗೈಗೆ ಮೆತ್ತಗೆ ಬಿತ್ತು. ಒಂದೊಂದು ಕೀಗೂ ಪುಟ್ಟ ಬಟ್ಟೆಯ ಚೀಲ.

"ಸರಪಳಿ ಕಂಡಿದ್ದ ಹಳಬರು ಕೀ ಸದ್ದಿಗೇ ನಡುಗಿಹೋಗೋರು," ದೊಡ್ಡಕ್ಕ ಹೇಳಿದರು. "ಅದನ್ನ ನೋಡಿ ನಿಮ್ಮಮ್ಮನೇ ಹೊಲಿದುಕೊಟ್ಟದ್ದು. ಅವಳು ಮೊದಲ ಸಲ ಸೂಜಿ ಹಿಡಿದ ದಿನ ನಾನು ಅತ್ತುಬಿಟ್ಟಿದ್ದೆ."

ಇನ್‌ಸ್ಪೆಕ್ಟರ್ ಗೊಂಚಲನ್ನು ಜೋರಾಗಿ ಅಲ್ಲಾಡಿಸಿದಳು. ಸದ್ದೇ ಇಲ್ಲ.

*

ಆಫೀಸಿಗೆ ಹೋಗಿ ಮ್ಯಾನೇಜರನ ಕಿವಿಯ ಪಕ್ಕದಲ್ಲೂ ಅಲ್ಲಾಡಿಸಿದಳು.

"ಕೇಳಿಸ್ತಾ?"

"ಇಲ್ಲ... ಯಾಕೆ?"

"ನೀವು ದಿನಾ ಕೇಳೋ ಸದ್ದು ಇದೇ ಅಲ್ವಾ?"

ಅವಳು ಮೇಜಿನ ಮೇಲಿದ್ದ ಅವನ ಗೊಂಚಲನ್ನು ಎತ್ತಿದಳು. ಝಲ್ ಎಂದಿತು.

"ಇರೋದು ಎರಡೇ ಗೊಂಚಲು. ಕಾವಲುಗಾರ ಕೇಳಿದ್ದು ಇದು. ದೊಡ್ಡಕ್ಕನ ಕೀ ಸದ್ದು ಮಾಡಲ್ಲ ಅಂತ ನಿಮಗೆ ಗೊತ್ತಿರಲಿಲ್ಲ. ಅದಕ್ಕೇ ಕೇಳದ ಸದ್ದನ್ನ ಕೇಳಿದೆ ಅಂದ್ರಿ."

ಅವನ ಬೀರುವಿನ ಹಿಂದಿನಿಂದ ಪೇದೆ ಸರಪಳಿಯನ್ನು ಎಳೆದು ತೆಗೆದ. ಮ್ಯಾನೇಜರ್ ಎಲ್ಲ ಒಪ್ಪಿಕೊಂಡ. ಆಸ್ಪತ್ರೆ ಖಾಲಿಯಾಗಿ ಮುಚ್ಚಿದರೆ ಕಟ್ಟಡ ಅಗ್ಗದ ಬೆಲೆಗೆ ಅವನ ಭಾವಮೈದುನನ ಪಾಲಾಗುತ್ತಿತ್ತು. ಅದಕ್ಕೇ ದೆವ್ವದ ಆಟ. ಕಾವಲುಗಾರ ಅಡ್ಡ ಬಂದ. ಗಾಬರಿಯಲ್ಲಿ ಮ್ಯಾನೇಜರ್ ಅವನನ್ನು ತಳ್ಳಿದ್ದ.

*

ಜೀಪು ಅವನನ್ನು ಕರೆದೊಯ್ದಿತು. ಅವಳು ದೊಡ್ಡಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮನ್ನ ನಮಗೆ ವಾಪಸ್ ಕೊಟ್ರಿ. ನಾನು ಎಷ್ಟು ಮಾಡಿದ್ರೂ ಕಮ್ಮಿನೇ."

"ಸಾಕು ಬಿಡೇ. ಕೀ ಕೊಡು, ಕತ್ತಲಾಗ್ತಿದೆ."

ದೊಡ್ಡಕ್ಕ ಕಿಟಕಿ ಹಾಕಲು ಹೋದರು. ಕೊಟ್ಟ ಮಾತು ನೆರವೇರಿತ್ತು.