ಹಳೇ ಕಾರಿನ ಎರಡು ಕನ್ನಡಿ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಗಡಿಯಾರದ ಅಂಗಡಿಯ ಯಜಮಾನರು. ಊರಿನ ಅರ್ಧ ಕೈಗಡಿಯಾರಗಳು ಅವರ ದಯೆಯಿಂದ ಓಡುತ್ತಿದ್ದವು. ಉಳಿದರ್ಧ ನಿಂತುಹೋಗಿರುವುದಕ್ಕೂ ಅವರೇ ಕಾರಣ ಎಂದು ಆಗದವರು ಹೇಳುತ್ತಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಗರಿಗರಿ ಇಸ್ತ್ರಿಯ ಅಂಗಿ, ಮೂಗಿನ ತುದಿಯಲ್ಲಿ ಕೋಪ.

"ನನ್ನ ಕಾರನ್ನ ಬೋಳಿಸಿಬಿಟ್ಟಿದ್ದಾರೆ ಮೇಡಂ!"

ಇನ್‌ಸ್ಪೆಕ್ಟರ್ ಕಡತದಿಂದ ತಲೆಯೆತ್ತಿದರು. ಈ ಠಾಣೆಗೆ ಅವರು ಬಂದು ಮೂರೇ ತಿಂಗಳು. "ಬೋಳಿಸೋದು ಅಂದ್ರೆ?"

"ಎರಡೂ ಬಾಗಿಲಿನ ಹೊರಗಡೆ ಕ್ರೋಮ್ ಪಟ್ಟಿ ಇತ್ತು, ಇಲ್ಲ. ಎರಡು ಕನ್ನಡಿ ಇತ್ತು, ಇಲ್ಲ. ನಿನ್ನೆ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಎಲ್ಲ ಇತ್ತು, ರಾತ್ರಿ ಬಂದು ನೋಡಿದ್ರೆ ಇಲ್ಲ."

"ಕಾರು?"

"ಕಾರಿದೆ."

"ಕಾರು ಬಿಟ್ಟು ಪಟ್ಟಿ ಹೊತ್ಕೊಂಡು ಹೋದ್ನಾ?" ಪಕ್ಕದ ಮೇಜಿನಿಂದ ದಫೇದಾರ ನಗು ಅದುಮಿಕೊಂಡು ಕೇಳಿದ. ಇವನ ನಿಜವಾದ ಹೆಸರು ಸಂಬಳ ಹಂಚುವವರಿಗೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಮೀಸೆ.

"ನಗಬೇಡ್ರಿ! ಆ ಕಾರಿಗೂ ನನಗೂ ಒಂದೇ ವಯಸ್ಸು. ಆ ಪಟ್ಟಿ ಈಗ ಯಾವ ಅಂಗಡೀಲೂ ಸಿಗಲ್ಲ. ಭಾನುವಾರ ಹಳೇ ಕಾರುಗಳ ಮೆರವಣಿಗೆ, ಎಲ್ಲಕ್ಕಿಂತ ಮುಂದೆ ನನ್ನದು ಹೋಗಬೇಕು. ಕನ್ನಡಿ ಇಲ್ಲದ ಗಾಡೀನ ಸಂಘದವರು ಸಾಲಿಗೇ ಸೇರಿಸಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಇನ್ಯಾರು, ಸ್ಪ್ಯಾನರ್! ಆ ಮೆಕ್ಯಾನಿಕ್ಕು. ಎರಡು ವರ್ಷದಿಂದ ಕಾರು ಕೊಡಿ ಕೊಡಿ ಅಂತ ಪ್ರಾಣ ತಿಂತಿದ್ದಾನೆ."

ಅಷ್ಟರಲ್ಲಿ ಕಾನ್‌ಸ್ಟೇಬಲ್ ಹುಡುಗಿ ಟೀ ತಂದು ಅವರ ಎಡಗಡೆ ಇಟ್ಟಳು. ಯಜಮಾನರು ಕೈ ಬೀಸಿ ಮಾತಾಡುವ ಭರದಲ್ಲಿ ಲೋಟ ಉರುಳಿ ಟೀಯೆಲ್ಲ ಮೇಜಿನ ಪಾಲಾಯಿತು. "ಇಲ್ಲಿ ಯಾರಿಟ್ಟಿದ್ದು ಇದನ್ನ?" ಎಂದು ಅವರು ರೇಗಿದರು. ಕಾರು ಕಳೆದುಕೊಂಡಷ್ಟೇ ಸಂಕಟ ಇವರಿಗೆ, ಇರಲಿ ಎಂದುಕೊಂಡ ಇನ್‌ಸ್ಪೆಕ್ಟರ್ FIR ಬರೆಸಿ, ಸಹಿ ಹಾಕಿಸಿಕೊಂಡು ಎದ್ದರು.

ಕಾರು ಯಜಮಾನರ ಮನೆಯ ಹಿಂದಿನ ಶೆಡ್ಡಿನಲ್ಲಿತ್ತು. ಕೆನೆಬಣ್ಣದ ದುಂಡು ಮೈ, ಉರುಟು ದೀಪಗಳು. ಬಾಗಿಲುಗಳು ಮಾತ್ರ ಒಡವೆ ಬಿಚ್ಚಿಟ್ಟ ಹೆಂಗಸಿನಂತೆ ಬೋಳಾಗಿದ್ದವು. ಪಂಚರಿಬ್ಬರನ್ನು ನಿಲ್ಲಿಸಿಕೊಂಡು ಮೀಸೆ ಪಂಚನಾಮೆ ಬರೆಯತೊಡಗಿದ. ಶೆಡ್ಡಿನ ಬೀಗ ಸರಿಯಾಗಿದೆ. ಕಾರಿನ ಬೀಗವೂ ಸರಿಯಾಗಿದೆ. ಕನ್ನಡಿಯ ನಟ್ಟು ಬಾಗಿಲಿನ ಒಳಗಡೆ ಇರುವುದರಿಂದ ಒಳಗಿನ ಪ್ಯಾಡನ್ನೂ ಬಿಚ್ಚಿ, ಕೆಲಸ ಮುಗಿಸಿ, ವಾಪಸ್ ಹಾಕಲಾಗಿದೆ.

"ಎಂಥಾ ಮರ್ಯಾದಸ್ಥ ಕಳ್ಳ ಮೇಡಂ," ಎಂದ ಮೀಸೆ. "ನಮ್ಮ ಮನೇಲಿ ಬಲ್ಬ್ ಬದಲಾಯಿಸೋಕೆ ಬಂದವನೇ ಗೋಡೆಯೆಲ್ಲ ಗಲೀಜು ಮಾಡಿ ಹೋದ."

ಇನ್‌ಸ್ಪೆಕ್ಟರ್ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಣ್ಣದ ಮೇಲೆ ಒಂದು ಗೀರೂ ಇಲ್ಲ. ಪಟ್ಟಿ ಹಿಡಿದಿದ್ದ ಕ್ಲಿಪ್ಪುಗಳ ತೂತಿನಲ್ಲಿ, ಕನ್ನಡಿ ಕೂತಿದ್ದ ತೂತಿನಲ್ಲಿ ಹಳದಿ ಮೇಣ ತುಂಬಿತ್ತು. ಒಳಗೆ ನೀರು ಇಳಿದು ತುಕ್ಕು ಹಿಡಿಯಬಾರದಲ್ಲ! ಪ್ರತಿ ತೂತಿನ ಪಕ್ಕದಲ್ಲೂ ನೀಲಿ ಬಣ್ಣದ ಸಣ್ಣ ಗೆರೆ. ಒಂದರ ಪಕ್ಕ ಒಂದು ಗೆರೆ, ಮುಂದಿನದರ ಪಕ್ಕ ಎರಡು. ಬೆರಳಲ್ಲಿ ಒರೆಸಿದರೆ ಪುಡಿಯಾಗಿ ಬಂತು.

ಕಳ್ಳನಿಗೆ ಗುರುತು ಯಾಕೆ ಬೇಕು? ಮತ್ತೆ ಜೋಡಿಸುವ ಇರಾದೆ ಇದ್ದವನಿಗೆ ತಾನೇ ಯಾವುದು ಎಲ್ಲಿತ್ತು ಎಂಬ ಚಿಂತೆ? ಇನ್‌ಸ್ಪೆಕ್ಟರ್ ಸುಮ್ಮನೆ ಎದ್ದು ಮಂಡಿ ಕೊಡವಿಕೊಂಡರು.

ಹನ್ನೊಂದೂವರೆಗೆ ಸ್ಪ್ಯಾನರ್‌ನ ವಿಚಾರಣೆ. ಗ್ಯಾರೇಜಿನಲ್ಲಿ ಒಂದು ವ್ಯಾನಿನ ಕೆಳಗಿನಿಂದ ಅವನನ್ನು ಕಾಲು ಹಿಡಿದು ಎಳೆಯಬೇಕಾಯಿತು.

"ನಿನ್ನೆ ಎಲ್ಲಿದ್ದೆ?"

"ಇದೇ ವ್ಯಾನಿನ ಕೆಳಗೆ."

"ಯಾರು ನೋಡಿದ್ದಾರೆ?"

"ವ್ಯಾನಿನ ಓನರ್. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅದೇ ಕುರ್ಚೀಲಿ ಕೂತು ಬೈತಾ ಇದ್ದ. ಬೇಕಾದ್ರೆ ಕೇಳಿ, ಈಗ್ಲೂ ಅಲ್ಲೇ ಕೂತಿದ್ದಾನೆ."

ಓನರ್ ತಲೆಯಾಡಿಸಿದ. ಬೈಗುಳವನ್ನೂ ಇನ್ನೊಮ್ಮೆ ಹೇಳಿ ತೋರಿಸಿದ.

"ಆ ಕಾರಿನ ಮೇಲೆ ನಿನಗೆ ಕಣ್ಣಿತ್ತಂತೆ?"

ಸ್ಪ್ಯಾನರ್ ಬಟ್ಟೆಗೆ ಕೈಯೊರೆಸಿಕೊಂಡ. "ಕಣ್ಣಿರೋದು ನಿಜ. ಆದ್ರೆ ಕೊಡಿ ಅಂತ ಕೇಳ್ತಿದ್ದಿದ್ದು ಅದಕ್ಕಲ್ಲ ಮೇಡಂ. ಯಜಮಾನ್ರು ಓಡಿಸೋದು ನಿಲ್ಲಿಸ್ಲಿ ಅಂತ. ಈ ವರ್ಷದಲ್ಲೇ ಎಡಗಡೆ ಮಡ್‌ಗಾರ್ಡ್ ನಾಲ್ಕು ಸಲ ತಟ್ಟಿ ಸರಿ ಮಾಡಿದೀನಿ. ಎಲ್ಲಿ ತಾಗಿಸಿದ್ರಿ ಅಂದ್ರೆ ಅವರಿಗೇ ಗೊತ್ತಿಲ್ಲ, ಯಾರೋ ಬಂದು ಗುದ್ದಿದ್ರು ಅಂತಾರೆ. ಹೋದ ವಾರ ಇದೇ ತಿರುವಿನಲ್ಲಿ ಎಡಗಡೆಯಿಂದ ಸೈಕಲ್ ಮೇಲೆ ಒಂದು ಪುಟ್ಟ ಹುಡುಗಿ ಬಂತು. ಮಗು ಸೈಕಲ್ ಬಿಟ್ಟು ಚರಂಡಿಗೆ ಹಾರ್ಕೊಳ್ತು, ಬದುಕ್ತು. ಇವರು ನೋಡ್ಲೇ ಇಲ್ಲ, ಹಾಗೇ ಹೊರಟುಹೋದ್ರು."

"ಕಾರಲ್ಲಿ ಬೇರೆ ಯಾರಿದ್ರು?"

"ಅಕ್ಕ ಇದ್ರು, ಅವರ ಹೆಂಡ್ತಿ. ಅಕ್ಕ ಕಿರುಚಿದ್ದು ನನಗೆ ಇಲ್ಲಿಗೆ ಕೇಳಿಸ್ತು."

ಎಡಗಡೆ. ಜೀಪು ಹತ್ತುವಾಗ ಇನ್‌ಸ್ಪೆಕ್ಟರಿಗೆ ಬೆಳಗಿನ ಟೀ ಲೋಟ ನೆನಪಾಯಿತು. ಅದು ಸಂಕಟಕ್ಕೆ ಉರುಳಿದ್ದಲ್ಲ.

"ಮೀಸೆ, ಅವರ ಹೆಂಡತಿ ಏನು ಮಾಡ್ತಾರೆ?"

"ಟೈಲರಮ್ಮ ಅಲ್ವಾ ಮೇಡಂ? ನಿಮ್ಮ ಯೂನಿಫಾರ್ಮ್ ಸೊಂಟ ಬಿಗಿ ಮಾಡಿಸಿದ್ರಲ್ಲ, ಆ ಅಂಗಡಿ ಅವರದೇ."

ಇನ್‌ಸ್ಪೆಕ್ಟರಿಗೆ ಚೆನ್ನಾಗಿ ನೆನಪಿತ್ತು. ಹೊಲಿಗೆ ಬಿಚ್ಚುವ ಮೊದಲು ಆಕೆ ಚಪ್ಪಟೆ ನೀಲಿ ಸೀಮೆಸುಣ್ಣದಲ್ಲಿ ಬಟ್ಟೆಯ ಎರಡೂ ಕಡೆ ಗೆರೆ ಎಳೆದಿದ್ದರು. ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ನೂಲನ್ನು ಹಳದಿ ಮೇಣದ ತುಂಡಿಗೆ ಉಜ್ಜಿ ಸೂಜಿಗೆ ಏರಿಸಿದ್ದರು. ಗುರುತು ಹಾಕದೆ ಏನನ್ನೂ ಬಿಚ್ಚದ ಕೈ ಅದು, ಕದಿಯುವಾಗಲೂ ಅಭ್ಯಾಸ ಬಿಡಲಿಲ್ಲ ಪಾಪ.

ಟೈಲರಮ್ಮನ ಅಂಗಡಿ ಒಂದು ಮೆಷಿನ್ನು, ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ತಾನುಗಳು ತುಂಬಿದ ಸಣ್ಣ ಕೋಣೆ. ಜೀಪು ನಿಂತದ್ದು ನೋಡಿ ಆಕೆ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಬನ್ನಿ ಮೇಡಂ. ಸೊಂಟ ಸಡಿಲ ಆಯ್ತಾ?"

"ಇಲ್ಲಮ್ಮ, ಸರಿಯಾಗಿದೆ. ಪಟ್ಟಿ ಎಲ್ಲಿದೆ?"

ಟೈಲರಮ್ಮ ಎದ್ದು, ಬೂದು ಬಣ್ಣದ ಕೋಟಿನ ಬಟ್ಟೆಯ ತಾನನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ನಡುವೆ ಮೆತ್ತನೆ ಫ್ಲಾನೆಲ್ ಬಟ್ಟೆ ಸುತ್ತಿದ ಎರಡು ಕ್ರೋಮ್ ಪಟ್ಟಿಗಳು ಮಿಂಚಿದವು. ಕನ್ನಡಿಗಳು ಗುಂಡಿಗಳ ಡಬ್ಬಿಯ ಹಿಂದಿದ್ದವು. ಪಕ್ಕದ ಅಂಗಡಿಯವನೂ, ಪ್ಯಾಂಟು ಒಯ್ಯಲು ಬಂದಿದ್ದ ಗಿರಾಕಿಯೂ ಪಂಚರಾದರು. ಗಿರಾಕಿ ಸಹಿ ಹಾಕುತ್ತಲೇ, "ಅಮ್ಮಾ, ನನ್ನ ಪ್ಯಾಂಟು?" ಎಂದ. ಮೀಸೆ ಗುಡುಗಿದ ಮೇಲೆ ಬಾಯಿ ಮುಚ್ಚಿದ.

"ಹೇಗೆ ಬಿಚ್ಚಿದ್ರಿ?"

"ಅವರು ನಿನ್ನೆ ಅಂಗಡಿಗೆ ಹೋದ ಮೇಲೆ. ಕೀಲಿಕೈ ಅಡುಗೆಮನೆ ಮೊಳೆಯಲ್ಲೇ ಇರುತ್ತೆ. ಫ್ಲಾನೆಲ್ ಇಟ್ಟು, ಮರದ ಸ್ಕೇಲಿನಲ್ಲಿ ಮೆಲ್ಲಗೆ ಎಬ್ಬಿಸಿದೆ. ಆ ಕಾರನ್ನ ಅವರು ಬಿಚ್ಚಿ ಕಟ್ಟುವಾಗೆಲ್ಲ ಪಕ್ಕದಲ್ಲಿ ನಿಂತು ಸಾಮಾನು ಕೊಡ್ತಿದ್ದವಳು ನಾನೇ ತಾನೇ."

"ಕನ್ನಡಿ ಸಾಕಿತ್ತಲ್ಲ. ಪಟ್ಟಿ ಯಾಕೆ?"

"ಬರೀ ಕನ್ನಡಿ ಹೋದ್ರೆ ಸಂಜೆಯೊಳಗೆ ಬೇರೆ ತಂದು ಹಾಕ್ತಿದ್ರು. ಪಟ್ಟಿ ಹೋದ್ರೆ ಮಾನ ಹೋದ ಹಾಗೆ, ಅದಿಲ್ಲದೆ ಕಾರು ಹೊರಗೆ ತೆಗೆಯಲ್ಲ." ಆಕೆಯ ದನಿ ಒಡೆಯಿತು. "ಕಣ್ಣು ತೋರಿಸಿಕೊಳ್ಳಿ ಅಂತ ಕಾಲಿಗೆ ಬಿದ್ದೆ ಮೇಡಂ. ಕೂದಲಿನಂಥಾ ಸ್ಪ್ರಿಂಗು ಕೂರಿಸ್ತೀನಿ, ನನ್ನ ಕಣ್ಣಿಗೇನು ಧಾಡಿ ಅಂತಾರೆ. ಎದುರಿಗಿದ್ದದ್ದು ಕಾಣುತ್ತೆ, ನಿಜ. ಪಕ್ಕದಲ್ಲಿದ್ದದ್ದು ಕಾಣಲ್ಲ. ಭಾನುವಾರ ರಸ್ತೆಯ ಎರಡೂ ಕಡೆ ಮಕ್ಕಳು ನಿಂತಿರ್ತಾವೆ. ಕಳ್ಳಿ ಅಂತ ಬರೆದುಕೊಳ್ಳಿ, ಪರವಾಗಿಲ್ಲ. ಮಗು ಕೊಂದವನ ಹೆಂಡತಿ ಅನ್ನಿಸಿಕೊಳ್ಳೋಕೆ ನನ್ನ ಕೈಲಾಗಲ್ಲ."

ಮಧ್ಯಾಹ್ನ ಎರಡಕ್ಕೆ ದಸ್ತಗಿರಿ ದಾಖಲಾಯಿತು. ಕಾನೂನು ಕಾನೂನೇ. ಮಾಲು ಸಿಕ್ಕಿದೆ ಎಂದು ಫೋನು ಹೋದದ್ದೇ ತಡ, ಯಜಮಾನರು ಒಂದೇ ಉಸಿರಿಗೆ ಓಡಿ ಬಂದರು. ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಪಟ್ಟಿಗಳ ಮೇಲೇ ಅವರ ಕಣ್ಣು. ಕುರ್ಚಿಯಲ್ಲಿ ಕೂತು, ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು.

"ಒಂದು ಗೀರಿಲ್ಲ! ಯಾರು, ಸ್ಪ್ಯಾನರ್ ತಾನೇ?"

"ಅಲ್ಲ."

"ಮತ್ಯಾರು? ಕರೆಸಿ ಅವನನ್ನ. ನನ್ನೆದುರು ನಿಲ್ಲಿಸಿ, ಎರಡು ಮಾತು ಕೇಳಬೇಕು."

ಮೆತ್ತಗೆ ಹೇಗೆ ತಿಳಿಸುವುದೆಂದು ಇನ್‌ಸ್ಪೆಕ್ಟರ್ ಆಗಿನಿಂದ ಲೆಕ್ಕ ಹಾಕುತ್ತಿದ್ದರು. "ಇಲ್ಲೇ ಇದ್ದಾರೆ," ಎಂದರು ಕೊನೆಗೆ.

"ಇಲ್ಲೇ ಅಂದ್ರೆ? ಇಲ್ಲಿರೋದು ನೀವು, ಮೀಸೆಯವರು, ನಾನು."

ಮೀಸೆ ನೆಲ ನೋಡತೊಡಗಿದ.

"ನಾನೂ ಇದೀನಿ ಕಣ್ರೀ."

ಯಜಮಾನರು ಕತ್ತನ್ನು ಪೂರ್ತಿ ಎಡಕ್ಕೆ ಹೊರಳಿಸಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕುರ್ಚಿಯ ಮಗ್ಗುಲಲ್ಲೇ ಹೆಂಡತಿ ನಿಂತಿದ್ದರು. ಕೆನ್ನೆಯೆಲ್ಲ ಒದ್ದೆ.

"ನೀನು... ಯಾವಾಗ ಬಂದೆ?"

"ನೀವು ಬರೋಕೆ ಮುಂಚಿನಿಂದ ಇಲ್ಲೇ ನಿಂತಿದೀನಿ."

ಯಜಮಾನರು ಮುಖವನ್ನು ನೇರ ಮುಂದಕ್ಕೆ ತಿರುಗಿಸಿದರು. ಮತ್ತೆ ಎಡಕ್ಕೆ. ಮತ್ತೆ ಮುಂದಕ್ಕೆ. ಹಾಳಾದ ಗಡಿಯಾರ ಎಲ್ಲಿ ನಿಲ್ಲುತ್ತಿದೆ ಎಂದು ಪರೀಕ್ಷಿಸುವ ನಿಧಾನದಲ್ಲಿ ನಾಲ್ಕೈದು ಸಲ ಹಾಗೆ ಮಾಡಿದರು. ಕೋಪ ಆ ಮುಖದಿಂದ ಇಳಿದುಹೋಗುವುದನ್ನು ಇನ್‌ಸ್ಪೆಕ್ಟರ್ ನೋಡುತ್ತ ಕೂತರು.

"ನೇರ ನೋಡಿದ್ರೆ ನೀನು ಇಲ್ಲವೇ ಇಲ್ಲ ಕಣೇ," ಎಂದರು ಅವರು ಸಣ್ಣ ದನಿಯಲ್ಲಿ. "ಆ ದಿನ ನೀನು ಕಿರುಚಿದ್ದು... ನಿಜವಾಗ್ಲೂ ಮಗು ಇತ್ತಾ?"

"ಇತ್ತು. ಏನೂ ಆಗಿಲ್ಲ. ಮೊನ್ನೆ ಹೋಗಿ ನೋಡ್ಕೊಂಡು ಬಂದೆ."

ಯಜಮಾನರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಆರೋಪಿಗೆ ಜಾಮೀನು ನಿಲ್ಲಲು ಒಬ್ಬರು ಬೇಕಿತ್ತು. ಯಾರನ್ನು ಕರೆಸೋಣ ಎಂದು ಮೀಸೆ ಕೇಳುವಷ್ಟರಲ್ಲೇ ದೂರುದಾರರು ಪೆನ್ನಿಗೆ ಕೈ ಚಾಚಿದರು. ಇಂಥಾ ಜಾಮೀನುದಾರರನ್ನು ಆ ಠಾಣೆ ಹಿಂದೆ ಕಂಡಿರಲಿಲ್ಲ. ಯಜಮಾನರು ಪತ್ರವನ್ನು ಗಟ್ಟಿಯಾಗಿ ಓದಿಕೊಂಡು ಸಹಿ ಹಾಕಿದರು. "ನನ್ನನ್ನ ಕಾಪಾಡ್ತಾ ಇರೋಳು ಅವಳು," ಎಂದರು, "ಜಾಮೀನು ಬರ್ಕೊಡೋನು ನಾನು. ನೋಡ್ರಿ ನ್ಯಾಯ!" ಟೈಲರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

ಇನ್‌ಸ್ಪೆಕ್ಟರ್ ಕಣ್ಣಾಸ್ಪತ್ರೆಗೆ ಫೋನು ಮಾಡಿ ವಿಷಯ ಹೇಳಿದರು. ಹೋದ ನೋಟ ವಾಪಸ್ ಬರುವುದಿಲ್ಲ, ಇರುವುದನ್ನು ಔಷಧ ಹಾಕಿ ಉಳಿಸಿಕೊಳ್ಳಬಹುದು, ಈಗಲೇ ಕರೆತನ್ನಿ ಎಂದರು ಡಾಕ್ಟರು. ಕೇಸನ್ನು ರಾಜಿಯಲ್ಲಿ ಮುಗಿಸಲು ನ್ಯಾಯಾಲಯಕ್ಕೆ ವರದಿ ಬರೆಯಲು ಕೂತಾಗ, ಕಳ್ಳತನದ ಉದ್ದೇಶ ಏನೆಂದು ಬರೆಯಲಿ ಎಂದು ಮೀಸೆ ಕೇಳಿದ. "ಹೆದರಿಕೆ ಅಂತ ಬರಿ," ಎಂದರು ಇನ್‌ಸ್ಪೆಕ್ಟರ್. ಮೀಸೆ ಅದನ್ನು ಬರೆದ ಮೇಲೆ, "ಪ್ರೀತಿ ಅಂತಾನೂ ಸೇರಿಸು, ಮೇಲಿನವರು ಹೊಡೆದುಹಾಕೋದಾದ್ರೆ ಹೊಡೆದುಹಾಕಲಿ," ಎಂದರು.

ಕಿಟಕಿಯಾಚೆ ಗಂಡಹೆಂಡಿರು ಠಾಣೆಯ ಮೆಟ್ಟಿಲ ಬಳಿ ಬಂದಿದ್ದರು. ಯಜಮಾನರು ತಿರುಗಿ ನೋಡಲಿಲ್ಲ. ತಮಗೆ ಕಾಣದ ಕಡೆಗೆ ಎಡಗೈ ಚಾಚಿದರು, ಟೈಲರಮ್ಮ ಅದನ್ನು ಹಿಡಿದುಕೊಂಡರು, ಇಬ್ಬರೂ ಆಸ್ಪತ್ರೆಯ ಕಡೆಗೆ ಇಳಿದು ಹೋದರು.