ಜಯಣ್ಣನ ವಾಚು ಕಟ್ಟಿಕೊಂಡವನು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನನ್ನ ಅರ್ಧ ಮೀಸೆ ಈಗಲೇ ಉದುರಿಹೋಗಲಿ, ಮಿಕ್ಕರ್ಧ ನಿಮ್ಮ ಕಡೆಯ ಸಾಕ್ಷಿಗಿರಲಿ.

ಮೊಳಕಾಲ್ಮೂರಿನ ವನಜಾಕ್ಷಿ ರೇಷ್ಮೆ ಸೀರೆ ನೇಯುವವಳು. ಗಂಡ ಜಯಣ್ಣ ತೀರಿಕೊಂಡು ವರ್ಷವಾದರೂ ಅವಳಿಗೆ ಅಳು ಬಂದಿರಲಿಲ್ಲ. ಅಳುವೇನು, ಏನೂ ಬಂದಿರಲಿಲ್ಲ. ಮೆಣಸಿನಕಾಯಿ ಕಚ್ಚಿದರೆ ಖಾರವಿಲ್ಲ, ಟೀ ನಾಲಿಗೆ ಸುಟ್ಟರೆ ಬಿಸಿಯಿಲ್ಲ. ಒಮ್ಮೆ ಚೇಳು ಕುಟುಕಿತು. ಇವಳು ಸುಮ್ಮನೆ ನೋಡಿದಳು. ಚೇಳಿಗೇ ಅವಮಾನವಾಗಿ ಊರು ಬಿಟ್ಟು ಹೋಯಿತು.

ಪೆಟ್ಟಿಗೆಯಲ್ಲಿಟ್ಟಿದ್ದ ಗಂಡನ ವಾಚೂ ನಿಂತಿತ್ತು. ಇದೊಂದಾದರೂ ಓಡಲಿ ಎಂದು ಚಳ್ಳಕೆರೆಗೆ ಬಂದು, ಎರ್ರಿಸ್ವಾಮಿಯ ವಾಚ್ ಅಂಗಡಿಯಲ್ಲಿ ಸರ್ವಿಸ್‌ಗೆ ಕೊಟ್ಟುಹೋದಳು.

ಮುಂದಿನ ವಾರ ಬಂದರೆ, ವಾಚು ಎರ್ರಿಸ್ವಾಮಿಯ ಕೈಯಲ್ಲಿ! ಆ ಕೈ ಆರಾಮಾಗಿ ಟೀ ಕುಡಿಯುತ್ತಿತ್ತು.

"ಏನ್ರೀ! ಕಂಡೋರ ಗಂಡನ ವಾಚು ಕಟ್ಕಂಡು ಮೆರೀತಿದ್ದೀರಲ್ಲ, ನಾಚ್ಕೆ ಆಗಲ್ವಾ? ಬಿಚ್ರೀ!"

ಆ ದನಿಗೆ ಎದುರಿನ ಎಣ್ಣೆ ಮಿಲ್ಲೇ ಗಕ್ಕನೆ ನಿಂತಿತು. ಕೂಗಿದವಳಿಗೇ ಬೆರಗು. ಎದೆಯೊಳಗೆ ಏನೋ ಉರಿಯುತ್ತಿತ್ತು. ಉರಿ ಹೇಗಿರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.

"ಅಯ್ಯೋ ಮೇಡಂ, ಇದಕ್ಕೆ ಕೀನೂ ಇಲ್ಲ, ಸೆಲ್ಲೂ ಇಲ್ಲ. ಕೈ ಆಡಿದ್ರೇನೇ ಓಡೋದು. ಟೈಮ್ ಸರಿ ಐತಾ ಅಂತ ನೋಡಾಕೆ ನಾವೇ ಕಟ್ಕಂಡು ತಿರುಗ್ಬೇಕು."

"ಮತ್ತೆ ಇದು ಕೆಟ್ಟಿರ್ಲಿಲ್ವಾ?"

"ಧೂಳಿತ್ತು, ಒರೆಸೀನಿ. ಪೆಟ್ಟಿಗೇಲಿ ಮಲಗ್ಸಿದ್ದಕ್ಕೆ ನಿಂತೈತೆ, ಅಷ್ಟೇ. ಮಗ್ಗ ನೇಯ್ತೀನಿ ಅಂದಿದ್ರಲ್ಲ? ನೀವೇ ಕಟ್ಕಳ್ರಿ. ಕುದುರೆ ಓಡ್ದಂಗೆ ಓಡ್ತೈತೆ."

"ನಂಗೆ ಸಡಿಲ ಆಗ್ತೈತೆ."

ಬೆಲ್ಟಿಗೆ ಹೊಸ ತೂತು ಹಾಕಲು ಅವಳ ಮಣಿಕಟ್ಟು ಹಿಡಿದು ನೋಡಿದ. ಕಣ್ಣು ಬೆಲ್ಟಿನ ಮೇಲೆಯೇ, ಕಿವಿ ಮಾತ್ರ ಕೆಂಪಗೆ. ಅವನ ಬೆರಳು ತಣ್ಣಗಿತ್ತು. ತಣ್ಣಗಿದೆ ಎಂದು ಅವಳಿಗೆ ಗೊತ್ತಾಯಿತು.

ಬಸ್ಸು ಹತ್ತಿದ ಮೇಲೆ ಅಳು ಬಂತು. ಬಿ.ಜಿ. ಕೆರೆ ಬರುವಷ್ಟರಲ್ಲಿ ಬಸ್ಸಿನೊಳಗೆ ಮೊಣಕಾಲುದ್ದ ನೀರು. ಕಂಡಕ್ಟರ್ ಚಪ್ಪಲಿ ಕೈಯಲ್ಲಿ ಹಿಡಿದೇ ಟಿಕೆಟ್ ಕೊಟ್ಟ.

ಅಮಾವಾಸ್ಯೆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅವತ್ತು ಬೆಳಿಗ್ಗೆಯೇ ವನಜಾಕ್ಷಿ ಅಂಗಡಿಯ ಮುಂದಿದ್ದಳು.

"ಇವತ್ತು ನನ್ನ ಕೈ ಆಡಲ್ಲ. ವಾಚು ನಿಂತೋಗ್ತೈತೇನೋ ಅಂತ... ಇವತ್ತೊಂದಿನ ನೀವು ಕಟ್ಕಳ್ರಿ."

ಬಿಚ್ಚಿಟ್ಟರೂ ಆ ವಾಚು ಒಂದು ದಿನ ಓಡುತ್ತದೆ. ಅದು ಅವನಿಗೆ ಗೊತ್ತು. ಅವಳಿಗೂ ಗೊತ್ತೆಂದು ಅವಳ ಕಳ್ಳನೋಟವೇ ಹೇಳುತ್ತಿತ್ತು.

"ಹೂಂನ್ರೀ, ನಿಂತೇ ಹೋಗ್ತೈತೆ," ಎಂದು ಕೈ ಚಾಚಿದ. "ನೀವೇ ಕಟ್ಬಿಡ್ರಿ."

ಕಟ್ಟಿದಳು.

"ಸಂಜೆ ವಾಪಸ್ ಕೊಡ್ಬೇಕು."

"ಸಂಜೆಗಂಟ ನೀವೆಲ್ಲಿರ್ತೀರಿ?"

"ವಾಚು ಎಲ್ಲಿರ್ತೈತೋ ಅಲ್ಲೇ."

"ಹಂಗಾದ್ರೆ... ಮುಂದಿನ ಅಮಾಸೆಗೂ ಬರ್ತೀರಾ?"

ವನಜಾಕ್ಷಿ ಅಂಗಡಿಯ ಹಿಂದಿನ ಕೋಣೆಯನ್ನು ಇಣುಕಿ ನೋಡಿದಳು.

"ಇಲ್ಲೊಂದು ಮಗ್ಗ ಹಿಡಿಸ್ತೈತಲ್ರೀ. ಅಮಾಸೆಗಂಟ ಕಾಯೋದ್ಯಾಕೆ?"

ಎರ್ರಿಸ್ವಾಮಿ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಕಳಚಿ ಬಿತ್ತು. ಇಬ್ಬರೂ ಬಗ್ಗಿ ಹುಡುಕತೊಡಗಿದರು. ಅದು ಕಾಲ ಬಳಿಯೇ ಇತ್ತು.

ಈಗ ಹೇಳಿ, ನಂಬಿದಿರೋ ಇಲ್ಲವೋ? ನಂಬಿದವರು ನನಗೊಂದು ಪ್ಲೇಟ್ ಮಂಡಕ್ಕಿ ಮಿರ್ಚಿ ಕೊಡಿಸಿ. ನಂಬದವರು ಎರಡು.