ಮುಂಜಾವಿನ ಬಣ್ಣದ ಜೆರ್ಸಿ

ಬಕೆಟ್‌ನ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಕತ್ರಿನೆಲ್‌ಗೆ ಮೊದಲು ಖುಷಿಯೇ ಆಯಿತು. ಅಬ್ಬ, ಕಲೆ ಬಿಡುತ್ತಿದೆ ಅಂದುಕೊಂಡಳು. ಜೆರ್ಸಿಯನ್ನು ಮೇಲೆತ್ತಿ ನೋಡಿದರೆ ಕಲೆ ಬಿಟ್ಟಿದ್ದು ನಿಜ. ಅದರ ಜೊತೆಗೆ ಜೆರ್ಸಿಯ ಗುಲಾಬಿ ಬಣ್ಣವೂ ಬಿಟ್ಟಿತ್ತು.

ಎದೆಯ ಭಾಗ ಪೂರಾ ಬಿಳಿ. ಒಂದು ತೋಳು ಅರ್ಧ ಬಿಳಿ, ಅರ್ಧ ಗುಲಾಬಿ. ಇನ್ನೊಂದು ತೋಳಂತೂ ಹಸು ಮೆಲುಕು ಹಾಕಿದ ಹಾಗಿತ್ತು.

ಅದು ಅಂತಿಂಥ ಜೆರ್ಸಿಯಲ್ಲ. ಊರಿನ ರೈಲ್ವೆ ಡಿಪೋದ ರಗ್ಬಿ ತಂಡ, ಮಕಾಸ್ ಕ್ಲಬ್ಬಿನದು. ಅರವತ್ತು ವರ್ಷಕ್ಕೂ ಹಿಂದೆ ರಾಜಧಾನಿ ಬುಕಾರೆಸ್ಟ್‌ನವರನ್ನು ಸೋಲಿಸಿದ ದಿನ ತೊಟ್ಟಿದ್ದ ಹದಿನೈದು ಜೆರ್ಸಿಗಳಲ್ಲಿ ಉಳಿದಿರುವುದು ಇದೊಂದೇ. ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಇರುತ್ತಿತ್ತು.

ನಾಳೆ ಶನಿವಾರ ಕ್ಲಬ್ಬಿನ ಹುಟ್ಟುಹಬ್ಬ. ಮ್ಯಾಚ್ ಶುರುವಾಗುವ ಮೊದಲು ಮೈದಾನದ ಮಧ್ಯೆ ನಿಂತು, ಮೈಕ್ ಹಿಡಿದು, ಕ್ಲಬ್ಬಿನ ಇತಿಹಾಸ ಓದಲು ಇಡೀ ಶಾಲೆಯಿಂದ ಆರಿಸಿದ್ದು ಕತ್ರಿನೆಲ್‌ಳನ್ನು. ಜೆರ್ಸಿ ತೊಟ್ಟೇ ಓದಬೇಕು. ಅದಕ್ಕೇ ಅಧ್ಯಕ್ಷ ಗಾವ್ರಿಲ್ ಅದನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಿದ್ದರು.

"ಒಂದು ಚುಕ್ಕೆ ಬಿದ್ರೂ ನಿನ್ನ ಬದಲು ನಿಮ್ಮ ಶಾಲೆಯ ದೋಯಿನಾ ಓದ್ತಾಳೆ, ತಿಳೀತಾ?" ಎಂದಿದ್ದರು.

ಹಾಗಿದ್ದೂ ಈ ಹುಡುಗಿ ಮನೆಗೆ ಬಂದವಳೇ ಮೊದಲು ಮಾಡಿದ್ದೇನು? ಜೆರ್ಸಿ ತೊಟ್ಟು ಕನ್ನಡಿ ಮುಂದೆ ನಿಂತಳು. ಕೈಯಲ್ಲಿ ಬ್ರೆಡ್ಡು, ಬ್ರೆಡ್ಡಿನ ಮೇಲೆ ಎರಡು ಚಮಚ ಝಕುಸ್ಕ. ಸುಟ್ಟ ದೊಣ್ಣೆಮೆಣಸು, ಬದನೆಯ ಆ ಗೊಜ್ಜಿಗೆ ಬೀಳಲು ನೆಲವೆಲ್ಲ ಖಾಲಿ ಇತ್ತು. ಅದು ಬಿದ್ದದ್ದು ಮಾತ್ರ ನೆಟ್ಟಗೆ ಜೆರ್ಸಿಯ ಎದೆಯ ಮೇಲೆ. ಆಮೇಲೆ ಕುದಿಯುವ ನೀರು, ಆಮೇಲೆ ಅರ್ಧ ಡಬ್ಬಿ ಸೋಡಾ ಪುಡಿ.

ಬಾಗಿಲಲ್ಲಿ ಸದ್ದಾಯಿತು. ಕತ್ರಿನೆಲ್ ಜೆರ್ಸಿಯನ್ನು ಬೆನ್ನ ಹಿಂದೆ ಅಡಗಿಸಿದಳು. ಅದರಿಂದ ತೊಟತೊಟ ನೀರು ಸುರಿಯುತ್ತಲೇ ಇತ್ತು.

ಬಂದವಳು ಅಜ್ಜಿ ಪರಸ್ಕಿವಾ. ಎಂಬತ್ತು ದಾಟಿದರೂ ಬ್ರೆಡ್ ತರಲು ತಾನೇ ಹೋಗಬೇಕು ಎನ್ನುವವಳು.

"ಏನೇ ಅದು ಹಿಂದೆ? ಮೀನು ಹಿಡಿದಿಯಾ?"

"ಏನಿಲ್ಲಜ್ಜಿ."

"ಏನಿಲ್ದೇ ಇರೋದು ನೆಲವೆಲ್ಲ ಒದ್ದೆ ಮಾಡಲ್ಲ. ತೋರ್ಸು."

ತೋರಿಸಿದಳು. ತೋರಿಸಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. "ನಾಳೆ ದೋಯಿನಾ ಓದ್ತಾಳಜ್ಜಿ. ಇದು ಇರೋದೇ ಒಂದು. ನಾನು ಹಾಳ್ ಮಾಡ್ಬಿಟ್ಟೆ."

ಬೈಗುಳ ಬೀಳುತ್ತದೆ ಎಂದು ಕತ್ರಿನೆಲ್ ಕಣ್ಣು ಮುಚ್ಚಿಕೊಂಡಳು. ಏನೂ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅಜ್ಜಿ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಹೊಟ್ಟೆ ಕುಣಿಯುವಂಥ ನಗು.

"ಅಯ್ಯೋ ನನ್ನ ಬಂಗಾರಿ, ಹಾಳ್ ಮಾಡಿಲ್ಲ ಕಣೇ ನೀನು. ಇದು ಮೊದ್ಲು ಹಿಂಗೇ ಇತ್ತು, ಬೆಳ್ಳಗೆ. ಹಾಳ್ ಮಾಡಿದ್ದು ನಾನು."

ಕತ್ರಿನೆಲ್‌ಗೆ ಅಳುವುದೇ ಮರೆತುಹೋಯಿತು.

ಅಜ್ಜಿ ಸ್ಟೂಲ್ ಎಳೆದುಕೊಂಡು ಕುಳಿತಳು. "ಆಗ ನಂಗೆ ಹತ್ತೊಂಬತ್ತು. ಡಿಪೋದಲ್ಲಿ ಬಟ್ಟೆ ಒಗೆಯೋ ಕೆಲ್ಸ. ಡ್ರೈವರ್‌ಗಳ ಬಟ್ಟೆ, ಸಿಗ್ನಲ್ ಬಾವುಟ, ರಗ್ಬಿ ಹುಡುಗರ ಜೆರ್ಸಿ, ಎಲ್ಲಾ ನನ್ನ ತಲೆಗೇ. ಮಾರನೇ ದಿನ ಬುಕಾರೆಸ್ಟ್‌ನೋರ ಜೊತೆ ಮ್ಯಾಚು. ಅವಸರ. ಹದಿನೈದು ಜೆರ್ಸಿ ಹಂಡೇಲಿ ಹಾಕಿ ಕುದಿಸ್ದೆ. ತಳದಲ್ಲಿ ಎರಡು ಕೆಂಪು ಬಾವುಟ ಇದ್ದಿದ್ದು ನೋಡ್ಲೇ ಇಲ್ಲ."

"ಎಲ್ಲಾ ಗುಲಾಬಿ ಆಯ್ತಾ?"

"ಹದಿನೈದೂ. ಜೆರ್ಸಿ ಹೋದ್ರೆ ಹೋಗ್ಲಿ ಅಂದ್ರೆ ಬಾವುಟಾನೂ ಬಣ್ಣ ಕಳ್ಕೊಂಡು ಬಿಳಿಚ್ಕೊಂಡಿತ್ತು. ಕೆಂಪಿಲ್ದಿರೋ ಬಾವುಟ ನೋಡಿ ರೈಲು ನಿಲ್ಲತ್ತೇನೇ? ಡಿಪೋದಲ್ಲಿ ಅದು ದೊಡ್ಡ ತಪ್ಪು. ಕೆಲ್ಸ ಹೋಗೋದು ಗ್ಯಾರಂಟಿ. ನಾನು ಹಂಡೆ ಪಕ್ಕ ಕೂತು ಅಳ್ತಾ ಇದ್ದೆ. ಕ್ಯಾಪ್ಟನ್ ಒನುಫ್ರಿಯೆ ಬಂದ."

ಒನುಫ್ರಿಯೆ ತಾತನನ್ನು ಊರಲ್ಲಿ ಅರಿಯದವರಿಲ್ಲ. ಎರಡೂ ತಂಡದವರು ತಲೆ ಬಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನಲ್ಲಿ ತಲೆ ಕೊಟ್ಟೂ ಕೊಟ್ಟೂ ಅವನ ಎರಡೂ ಕಿವಿ ಹೂಕೋಸಿನ ಹಾಗೆ ಮುದುಡಿಹೋಗಿವೆ.

"ಅವನು ಒಂದು ಮಾತೂ ಕೇಳ್ಲಿಲ್ಲ. ಒದ್ದೆ ಬಾವುಟ ಎರಡನ್ನೂ ಕೋಟಿನೊಳಗೆ ತುರುಕ್ಕೊಂಡ. ಡಿಪೋ ಸಾಹೇಬ್ರ ಹತ್ರ ಹೋಗಿ, ಈ ಬಣ್ಣ ನಾವೇ ಕೇಳಿ ಹಾಕಿಸ್ಕೊಂಡಿದ್ದು, ಇದು ಮುಂಜಾವಿನ ಬಣ್ಣ ಅಂದ. ಸಾಹೇಬ್ರಿಗೆ ಆ ಮಾತು ಎಷ್ಟು ಹಿಡಿಸ್ತು ಅಂದ್ರೆ, ಕ್ಲಬ್ಬಿನ ಪುಸ್ತಕದಲ್ಲೇ ಬರೆಸಿಬಿಟ್ರು."

ಕತ್ರಿನೆಲ್ ಓಡಿಹೋಗಿ ಬ್ಯಾಗಿನಿಂದ ತಾನು ಓದಬೇಕಾದ ಹಾಳೆ ತಂದಳು. ಮೂರನೆಯ ಸಾಲು ಹೀಗಿತ್ತು: 'ನಮ್ಮ ಆಟಗಾರರು ಮುಂಜಾವಿನ ಬಣ್ಣವನ್ನು ತಾವಾಗಿಯೇ ಆರಿಸಿಕೊಂಡರು.'

"ಹಾಗಾದ್ರೆ ಇದು ಸುಳ್ಳಾ? ಮತ್ತೆ ಮ್ಯಾಚ್?"

"ಗೆದ್ರು, ಆರು ಮೂರು. ಬುಕಾರೆಸ್ಟ್‌ನೋರು ಈ ಗುಲಾಬಿ ಗಂಡಸರನ್ನ ನೋಡಿ ನಕ್ಕೂ ನಕ್ಕೂ ಸ್ಕ್ರಮ್‌ನಲ್ಲಿ ಹಿಡಿತಾನೇ ಬಿಟ್ರು. ಆಮೇಲೆ ಯಾರಿಗೂ ಬಿಳಿ ಬೇಡ. ಪ್ರತಿ ವರ್ಷ ಮೊದಲ ಮ್ಯಾಚಿಗೆ ಮುಂಚೆ ಒನುಫ್ರಿಯೆ ಒಂದು ಹೊಸ ಬಾವುಟ ತಂದು ಹಂಡೆ ಪಕ್ಕ ಇಟ್ಟು ಹೋಗ್ತಿದ್ದ. ನಾನು ಕುದಿಸ್ತಿದ್ದೆ. ಹುಡುಗರಿಗೂ ಈ ಬಣ್ಣ ತಾನೇ ಹೇಳಿ ಹಾಕಿಸಿದ್ದು ಅಂದಿದ್ನಂತೆ. ನಡೆದಿದ್ದು ಗೊತ್ತಿರೋದು ನಮ್ಮಿಬ್ಬರಿಗೇ. ಈಗ ನಿಂಗೆ. ಹಾಳೇಲಿ ಏನೂ ತಿದ್ಬೇಡ, ಆಯ್ತಾ?"

ಅಜ್ಜಿ ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಒಂದು ಬಾವುಟ ತಂದಳು. ಮಡಿಕೆ ಬಿಚ್ಚದ, ಕೆಂಡದಂಥ ಕೆಂಪಿನ ಬಾವುಟ. ಕೊನೆಯ ವರ್ಷ ಬಂದದ್ದು. ಆ ಹೊತ್ತಿಗೆ ಕ್ಲಬ್ಬಿಗೆ ಅಂಗಡಿಯ ಜೆರ್ಸಿ ಬಂದುಬಿಟ್ಟಿತ್ತು.

ಇಬ್ಬರೂ ಸೇರಿ ದೊಡ್ಡ ಪಾತ್ರೆ ಒಲೆಗೇರಿಸಿದರು. ಬಾವುಟ, ಜೆರ್ಸಿ, ಒಂದು ಹಿಡಿ ಉಪ್ಪು. ಕತ್ರಿನೆಲ್ ಮರದ ಸೌಟಿನಿಂದ ತಿರುವಿದಳು. ಅಜ್ಜಿ ಗಡಿಯಾರ ನೋಡದೆ ಬಣ್ಣ ನೋಡಿ "ಸಾಕು" ಎಂದಳು.

ಬೆಳಿಗ್ಗೆ ಒಣಗಿದ ಜೆರ್ಸಿ ತೊಟ್ಟು ಕತ್ರಿನೆಲ್ ಮೈದಾನಕ್ಕೆ ಹೋದಳು. ಅದು ಅವಳ ಮೊಣಕಾಲಿನವರೆಗೆ ಬರುತ್ತಿತ್ತು. ಗೇಟಿನ ಹತ್ತಿರ ಸುಡುತ್ತಿದ್ದ ಮಾಂಸದ ಹೊಗೆ ಮೂಗಿಗೆ ಬಡಿದರೂ ಹಸಿವಾಗಲಿಲ್ಲ.

ಅಧ್ಯಕ್ಷ ಗಾವ್ರಿಲ್ ಕನ್ನಡಕ ಏರಿಸಿ ನೋಡಿದರು. ಇಳಿಸಿಯೂ ನೋಡಿದರು. "ಇದೇನು, ಇಷ್ಟು ಗಾಢ ಇತ್ತಾ ಇದು?"

ಕತ್ರಿನೆಲ್‌ಗೆ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಅಜ್ಜಿಯ ಗುಟ್ಟೂ ಹೊರಬೀಳುತ್ತದೆ. ಸ್ವಲ್ಪ ದೂರದಲ್ಲಿ ದೋಯಿನಾ ಹೊಸ ಶೂ ಹಾಕಿಕೊಂಡು ತಯಾರಾಗಿಯೇ ನಿಂತಿದ್ದಳು.

ಅಷ್ಟರಲ್ಲಿ ಕೋಲು ಊರಿಕೊಂಡು ಒನುಫ್ರಿಯೆ ತಾತ ಬಂದ. ಜೆರ್ಸಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಅಲ್ಲಿ ಬಾವುಟದ ಒಂದು ಕೆಂಪು ಎಳೆ ಅಂಟಿಕೊಂಡಿತ್ತು. ತಾತ ಅದನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡ.

"ಗಾವ್ರಿಲ್, ಇದನ್ನ ತೊಟ್ಟು ಆಡಿದ್ದು ನಾನಾ, ನೀನಾ? ಬಿಸಿಲಿಗೆ ಬಂದ್ರೆ ಇದು ಹಿಂಗೇ ಕಾಣೋದು. ಗಾಜಿನ ಹಿಂದೆ ಇಟ್ಟು ನೋಡಿದ್ರೆ ನಿಂಗೇನ್ ಗೊತ್ತಾಗತ್ತೆ?"

"ನೀವೇ ಹೇಳಿದ್ಮೇಲೆ ಇನ್ನೇನು, ತಾತ," ಎಂದು ಅಧ್ಯಕ್ಷರು ಮೈಕ್ ಸರಿಮಾಡಲು ಹೋದರು.

ತಾತ ಕತ್ರಿನೆಲ್ ಕಡೆ ಬಗ್ಗಿ, "ಉಪ್ಪು ಹಾಕಿದ್ರಾ?" ಎಂದು ಪಿಸುಗುಟ್ಟಿದ.

"ಒಂದು ಹಿಡಿ."

"ಒಳ್ಳೇದಾಯ್ತು. ಬಾವುಟ ಯಾರು ತರ್ತಿದ್ರು ಅಂತ ಹೇಳಿದ್ಲು ನಿನ್ನಜ್ಜಿ?"

"ನೀವೊಬ್ರೇ ಅಂತ. ಬೇರೆ ಯಾರಿಗೂ ಗೊತ್ತಿಲ್ಲ ಅಂತ."

ತಾತ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. "ಹದಿನೈದು ಜನಾನೂ ಸರದಿ ಹಾಕ್ಕೊಂಡಿದ್ವಿ, ಮಗಾ. ಒಂದೊಂದ್ ವರ್ಷ ಒಬ್ಬೊಬ್ಬ. ಇಟ್ಟು ಬರೋದು ಮಾತ್ರ ನಾನು. ಎಲ್ರಿಗೂ ಗೊತ್ತು ಅಂದ್ರೆ ಅವಳು ನಾಚ್ಕೊಂಡು ಕೆಲ್ಸಾನೇ ಬಿಟ್ಬಿಡ್ತಿದ್ಲು. ಹೇಳ್ಬೇಡ ಮತ್ತೆ."

ಮೈದಾನದ ನಡುವೆ ಕತ್ರಿನೆಲ್ ಮೈಕ್ ಹಿಡಿದಳು. ಮೊದಲ ಸಾಲನ್ನು ತೀರಾ ಬೇಗ ಓದಿಬಿಟ್ಟಳು. ಎರಡನೆಯದರಲ್ಲಿ ಸರಿಹೋಯಿತು. ಮೂರನೆಯದಕ್ಕೆ ಬಂದಾಗ ತಲೆ ಎತ್ತಿದಳು.

ಮುಂದಿನ ಬೆಂಚಿನಲ್ಲಿ ಹಳೆಯ ಆಟಗಾರರು ಕುಳಿತಿದ್ದರು. ಹದಿನೈದರಲ್ಲಿ ಈಗ ಉಳಿದವರು ತಾತನೂ ಸೇರಿ ಐದು ಜನ. ಅವರ ಹಿಂದಿನ ಸಾಲಿನಲ್ಲಿ ಅಜ್ಜಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಏನೂ ಅರಿಯದವಳ ಹಾಗೆ ಆಕಾಶ ನೋಡುತ್ತಿದ್ದಳು.

"ನಮ್ಮ ಆಟಗಾರರು ಮುಂಜಾವಿನ ಬಣ್ಣವನ್ನು ತಾವಾಗಿಯೇ ಆರಿಸಿಕೊಂಡರು."

ಐದು ಜನವೂ ಟೋಪಿ ತೆಗೆದರು. ಒಬ್ಬರೂ ಹಿಂದೆ ತಿರುಗಲಿಲ್ಲ. ಜೆರ್ಸಿಯ ಗೌರವಕ್ಕೆ ತೆಗೆದರು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಜ್ಜಿಯೂ ತಟ್ಟಿದಳು.

ನಿನ್ನೆ ಈ ಸಾಲು ಸುಳ್ಳು ಅನ್ನಿಸಿತ್ತು. ವರ್ಷ ವರ್ಷ ಸರದಿಯಲ್ಲಿ ಬಾವುಟ ತಂದದ್ದು ಅವರೇ ಅಲ್ಲವೇ, ಈಗ ಕತ್ರಿನೆಲ್‌ಗೆ ಹಾಗನ್ನಿಸಲಿಲ್ಲ. ಹಾಳೆಯಲ್ಲಿ ನಾಲ್ಕನೆಯ ಸಾಲು ಕಾಯುತ್ತಿತ್ತು. ಅವಳು ಅದನ್ನು ಬಿಟ್ಟು, ಜೆರ್ಸಿಯ ಉದ್ದ ತೋಳು ಮೇಲೇರಿಸಿಕೊಂಡು, ಮೂರನೆಯದನ್ನೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದಳು.